ಬೇವು, ಅರಿಶಿನ ಮತ್ತು ಆ ಹೆಸರಿಲ್ಲದ ಡಬ್ಬಿ

ಪ್ರಶ್ನೆ: ನನ್ನ ಮಗಳಿಗೆ 6 ವರ್ಷ. ಕೂಸಾಗಿದ್ದಾಗಿನಿಂದ ಎಕ್ಸಿಮಾ ಇದೆ. ಮೊಣಕೈ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ ಚರ್ಮ ಒರಟಾಗಿ ಕೆಂಪಾಗುತ್ತದೆ. ರಾತ್ರಿ ಕೆರೆದು ಕೆರೆದು ರಕ್ತ ಬರುತ್ತದೆ. ಡಾಕ್ಟರು ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟಿದ್ದಾರೆ, ಹಚ್ಚಲು ನನಗೆ ಭಯ. ಅತ್ತೆ ಬೇವು, ಅರಿಶಿನ ಅರೆದು ಹಚ್ಚು ಅನ್ನುತ್ತಾರೆ. ತಂಗಿ ಕೊರಿಯಾದ 'ಸಿಕಾ' ಕ್ರೀಮು ತರಿಸಿಕೊಟ್ಟಿದ್ದಾಳೆ. ಪಕ್ಕದ ಊರಿನಲ್ಲಿ ಒಬ್ಬರು ಗಿಡಮೂಲಿಕೆ ಮುಲಾಮು ಕೊಡುತ್ತಾರೆ. ಅದನ್ನು ಹಚ್ಚಿದಾಗ ಮೂರೇ ದಿನಕ್ಕೆ ಪೂರ್ತಿ ಹೋಯಿತು. ಹತ್ತು ದಿನ ಹಚ್ಚಿ ನಿಲ್ಲಿಸಿದೆ, ವಾರದೊಳಗೆ ಮೊದಲಿಗಿಂತ ಜಾಸ್ತಿ ಬಂತು. ಗಿಡದ ಸಾರದಿಂದ ಉರಿಯೂತ ಇಳಿಯುತ್ತದೆ ಎಂದು ಸಂಶೋಧನೆಗಳೂ ಹೇಳುತ್ತವಂತೆ. ಯಾವುದನ್ನು ನಂಬಲಿ?

ಉತ್ತರ: ಆ ಡಬ್ಬಿಯ ವಿಷಯ ಮೊದಲು ಮಾತಾಡೋಣ. ಬೇವು, ಅರಿಶಿನ, ಕೊರಿಯಾದ ಕ್ರೀಮು ಎಲ್ಲ ಆಮೇಲೆ. ಅವಕ್ಕೆ ಅವಸರವಿಲ್ಲ.

ಮೂರು ದಿನಕ್ಕೆ ಮಾಯ, ನಿಲ್ಲಿಸಿದ ವಾರಕ್ಕೆ ಮೊದಲಿಗಿಂತ ಜೋರು. ಈ ಎರಡು ಮಾತು ಒಟ್ಟಿಗೆ ಬಂದರೆ ಚರ್ಮದ ಡಾಕ್ಟರುಗಳ ಕಿವಿ ನೆಟ್ಟಗಾಗುತ್ತದೆ. ನನಗೆ ಗೊತ್ತಿರುವ ಯಾವ ಸೊಪ್ಪೂ ಯಾವ ಬೇರೂ ಎಕ್ಸಿಮಾವನ್ನು ಇಷ್ಟು ಬೇಗ ಇಳಿಸುವುದಿಲ್ಲ. ಇಷ್ಟು ಬೇಗ ಇಳಿಸುವುದು ಜೋರಾದ ಸ್ಟೀರಾಯ್ಡ್. ಪರೀಕ್ಷೆ ಮಾಡಿಸದೆ ಖಡಾಖಂಡಿತ ಹೇಳಬಾರದು, ಒಪ್ಪುತ್ತೇನೆ. ಆದರೆ ನನ್ನ ಅನುಮಾನ ಇದು: ನೀವು ಯಾವುದಕ್ಕೆ ಹೆದರಿ ಡಾಕ್ಟರ ಮುಲಾಮನ್ನು ಕಪಾಟಿನಲ್ಲಿ ಇಟ್ಟಿರೋ, ಅದನ್ನೇ, ಬಹುಶಃ ಅದಕ್ಕಿಂತ ಜೋರಾದದ್ದನ್ನೇ, ಹತ್ತು ದಿನ ಮಗಳಿಗೆ ಹಚ್ಚಿದ್ದೀರಿ. ತಪ್ಪು ನಿಮ್ಮದಲ್ಲ. ಡಬ್ಬಿಯ ಮೇಲೆ ಏನೂ ಬರೆದಿರಲಿಲ್ಲ, ಅಲ್ವಾ?

ಇದು ನಮ್ಮೂರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. 1999ರಲ್ಲಿ ಲಂಡನ್ನಿನ ಚರ್ಮತಜ್ಞರು ಚೀನೀ ಗಿಡಮೂಲಿಕೆ ಎಂದು ಕೊಡುತ್ತಿದ್ದ 11 ಮುಲಾಮುಗಳನ್ನು ಪರೀಕ್ಷೆಗೆ ಕಳಿಸಿದರು. 8ರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತು. ಬಳಸುತ್ತಿದ್ದವರಲ್ಲಿ ಮಕ್ಕಳೂ ಇದ್ದರು, ಮುಖಕ್ಕೂ ಹಚ್ಚಿದ್ದರು. ನನ್ನ ಬಳಿ ಬರುವವರೂ ಇಂಥ ಡಬ್ಬಿ ತರುತ್ತಾರೆ. ಒಂದು ಹಸಿರು, ಒಂದು ಕಪ್ಪು, ಒಂದಕ್ಕೆ ಕರ್ಪೂರದ ಘಾಟು. ಬಣ್ಣ, ವಾಸನೆ ಎರಡೂ ಗಿಡದವೇ. ಕೆಲಸ ಮಾತ್ರ ಇನ್ಯಾರದೋ.

ಹಾಗಾದರೆ ಗಿಡಗಳಲ್ಲಿ ಏನೂ ಇಲ್ಲವೇ? ಖಂಡಿತ ಇದೆ. ಚರ್ಮದ ಉರಿಯೂತಕ್ಕೆ ನಾವು ಆಸ್ಪತ್ರೆಯಲ್ಲಿ ಕೊಡುವ ಕೆಲವು ಔಷಧಿಗಳ ಬೇರು ಹುಡುಕುತ್ತಾ ಹೋದರೆ ನಿಜವಾಗಿಯೂ ಯಾವುದೋ ಮರದ ಬುಡಕ್ಕೇ ಹೋಗಿ ನಿಲ್ಲುತ್ತೇವೆ.

ನನಗೆ ತುಂಬ ಇಷ್ಟವಾದ ಕಥೆ ಗೋವಾ ಪುಡಿಯದು. ಹತ್ತೊಂಬತ್ತನೇ ಶತಮಾನದಲ್ಲಿ ಮುಂಬೈ ಕಡೆ ಹುಳಕಡ್ಡಿಗೆ ಒಂದು ಹಳದಿ ಪುಡಿ ಮಾರುತ್ತಿದ್ದರು. ಗೋವಾದಿಂದ ಬರುತ್ತಿತ್ತು, ಅದಕ್ಕೇ ಆ ಹೆಸರು. ಎಲ್ಲಿ ಬೆಳೆಯುತ್ತದೆ ಎಂದು ಕೊಳ್ಳುವವರಿಗೆ ಗೊತ್ತಿರಲಿಲ್ಲ. ಆಮೇಲೆ ತಿಳಿಯಿತು, ಅದು ಗೋವಾದ್ದೇ ಅಲ್ಲ. ಬ್ರೆಜಿಲ್ಲಿನ ಅರರೋಬಾ ಮರದ ಕಾಂಡದ ಬಿರುಕುಗಳಲ್ಲಿ ಕೂಡುವ ಪುಡಿ. ಎರಡೂ ಕಡೆ ಪೋರ್ಚುಗೀಸರ ಆಳ್ವಿಕೆ ಇದ್ದದ್ದರಿಂದ ಹಡಗಿನಲ್ಲಿ ಇಲ್ಲಿಗೆ ಬಂದಿತ್ತು. 1870ರ ದಶಕದಲ್ಲಿ ಲಂಡನ್ನಿನ ಡಾಕ್ಟರ್ ಬಾಲ್ಮನ್ನೋ ಸ್ಕ್ವೈರ್ ಇದರಿಂದ ಸೋರಿಯಾಸಿಸ್, ಅಂದರೆ ಚರ್ಮ ಕೆಂಪಾಗಿ ದಪ್ಪಗಾಗಿ ಹೊಟ್ಟಿನಂತೆ ಉದುರುವ ಕಾಯಿಲೆ, ಇಳಿಯುವುದನ್ನು ಗಮನಿಸಿದರು. ಅದರೊಳಗಿನ ಸತ್ವಕ್ಕೆ ಕ್ರೈಸರೋಬಿನ್ ಎಂಬ ಹೆಸರು ಬಂತು. ಮೊದಲ ಮಹಾಯುದ್ಧ ಶುರುವಾದ ಮೇಲೆ ಜರ್ಮನಿಗೆ ಆ ಪುಡಿ ಸಿಗುವುದು ಕಷ್ಟವಾಯಿತು. 1916ರ ಹೊತ್ತಿಗೆ ಅಲ್ಲಿನವರು ಅದನ್ನೇ ಹೋಲುವ ವಸ್ತುವನ್ನು ಕಾರ್ಖಾನೆಯಲ್ಲಿ ತಯಾರಿಸಿಬಿಟ್ಟರು. ಅದೇ ಡಿತ್ರನಾಲ್. ಸೋರಿಯಾಸಿಸ್‌ಗೆ ಇವತ್ತಿಗೂ ಬಳಕೆಯಲ್ಲಿದೆ. ಬಟ್ಟೆಗೆ ಕಲೆ ಮಾಡುತ್ತದೆ, ಸುತ್ತಲಿನ ಒಳ್ಳೆಯ ಚರ್ಮಕ್ಕೆ ತಾಗಿದರೆ ಉರಿಯುತ್ತದೆ. ಹುಳಕಡ್ಡಿಗೆ ನಮ್ಮ ಹಳ್ಳಿಗಳಲ್ಲಿ ಸೀಮೆ ಅಗಸೆಯ ಎಲೆ ತಿಕ್ಕುತ್ತಾರಲ್ಲ, ಅದರಲ್ಲಿರುವುದೂ ಇದೇ ಬಳಗದ ವಸ್ತುಗಳು.

ಬಾವಂಚಿಯದು ಇನ್ನೊಂದು ಕಥೆ. ತೊನ್ನಿಗೆ ಬಾವಂಚಿ ಬೀಜ ತೇಯ್ದು ಹಚ್ಚಿ ಬಿಸಿಲಿಗೆ ಕೂರಿಸುವುದು ಆಯುರ್ವೇದದಲ್ಲಿ ಬಹಳ ಹಳೆಯ ಪದ್ಧತಿ. ಈಜಿಪ್ಟಿನಲ್ಲಿ ನೈಲ್ ನದಿ ದಂಡೆಯ ಬೇರೊಂದು ಗಿಡದಿಂದ ಇದನ್ನೇ ಮಾಡುತ್ತಿದ್ದರು. 1940ರ ದಶಕದಲ್ಲಿ ಆ ಗಿಡದಿಂದ ಬೇರ್ಪಡಿಸಿದ ಸೊರಾಲೆನ್ ಎಂಬ ವಸ್ತುವನ್ನು ಕೈರೋದ ಡಾಕ್ಟರ್ ಎಲ್ ಮೊಫ್ತಿ ತೊನ್ನಿನವರಿಗೆ ಕೊಟ್ಟು ನೋಡಿದರು. 1974ರಲ್ಲಿ ಅಮೆರಿಕದ ವೈದ್ಯರು ಅದನ್ನು ನೇರಳಾತೀತ ದೀಪದ ಜೊತೆ ಸೇರಿಸಿ ಸೋರಿಯಾಸಿಸ್‌ಗೆ ಬಳಸಿದರು. 'ಪುವಾ' ಚಿಕಿತ್ಸೆ ಅಂತ ಕೇಳಿರಬಹುದು, ಅದು ಇದೇ. ಕೆಲಸ ಮಾಡುತ್ತದೆ, ಅನುಮಾನವೇ ಇಲ್ಲ. ಆದರೆ ಎಷ್ಟು ಮಿಲಿಗ್ರಾಂ, ದೀಪದಡಿ ಎಷ್ಟು ಹೊತ್ತು ಎಂಬ ಲೆಕ್ಕ ತಪ್ಪಿದರೆ ಮೈ ಸುಡುತ್ತದೆ. ಮನೆಯಲ್ಲಿ ಬಾವಂಚಿ ಹಚ್ಚಿಕೊಂಡು ಬಿಸಿಲಿಗೆ ಕೂತು ಅಂಗೈಯಗಲದ ಬೊಬ್ಬೆ ಎಬ್ಬಿಸಿಕೊಂಡವರನ್ನು ನೋಡಿದ್ದೇನೆ. ವರ್ಷಗಟ್ಟಲೆ ಪುವಾ ತೆಗೆದುಕೊಂಡವರಲ್ಲಿ ಚರ್ಮದ ಕ್ಯಾನ್ಸರ್ ಸಾಧ್ಯತೆ ಹೆಚ್ಚು ಎಂಬುದೂ ಗೊತ್ತಿದೆ. ಈಗ ಸೊರಾಲೆನ್ ಬೇಡದ ಬೇರೆ ದೀಪಗಳನ್ನೇ ಜಾಸ್ತಿ ಬಳಸುತ್ತೇವೆ.

ಮೂರನೆಯದು ನಮಗೆ ಇನ್ನೂ ಹತ್ತಿರದ್ದು. ಚನ್ನಪಟ್ಟಣದ ಬಣ್ಣದ ಗೊಂಬೆಗಳನ್ನು ಆಲೆ ಮರದಿಂದ ಮಾಡುತ್ತಾರೆ. ಆ ಮರದ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಕೆಲವು ದಿನ ಬಿಸಿಲಿಗೆ ಇಟ್ಟರೆ ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ತಮಿಳುನಾಡಿನ ಸಿದ್ಧ ವೈದ್ಯರು ಸೋರಿಯಾಸಿಸ್‌ಗೆ ಕೊಡುವುದು ಈ ಎಣ್ಣೆಯನ್ನೇ. ಆ ಬಣ್ಣ ಎಲ್ಲಿಂದ ಬಂತು? ಆಲೆ ಎಲೆಯಿಂದ ಹಿಂದೆ ಬಟ್ಟೆಗೆ ಹಾಕುವ ನೀಲಿ ತೆಗೆಯುತ್ತಿದ್ದರು. ನೀಲಿಯ ಜೊತೆ ಸ್ವಲ್ಪ ಇಂಡಿರುಬಿನ್ ಎಂಬ ಕೆಂಪು ವಸ್ತುವೂ ಬರುತ್ತದೆ. ಚೀನಾ, ತೈವಾನ್ ಕಡೆ ಬೇರೆ ನೀಲಿ ಗಿಡಗಳಿಂದ ತೆಗೆದ ಪುಡಿಯನ್ನು ಸೋರಿಯಾಸಿಸ್‌ಗೆ ಬಳಸುತ್ತಿದ್ದರು. ತೈವಾನಿನ ವೈದ್ಯರು ಅದರ ಮುಲಾಮು ಮಾಡಿ 42 ಜನರ ಮೇಲೆ 12 ವಾರ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಒಬ್ಬೊಬ್ಬರಲ್ಲೂ ಒಂದು ಕಡೆಯ ಕಲೆಗೆ ನೀಲಿ ಮುಲಾಮು, ಇನ್ನೊಂದು ಕಡೆಯ ಕಲೆಗೆ ನೀಲಿ ಹಾಕದ ಮುಲಾಮು. ನೀಲಿ ಹಚ್ಚಿದ ಕಲೆ 31 ಜನರಲ್ಲಿ ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಒಂದು ತೊಂದರೆ, ಅಂಗಿ ಹಾಸಿಗೆ ಎಲ್ಲ ನೀಲಿ. ಆಮೇಲೆ ಬಣ್ಣ ಕಡಿಮೆ ಮಾಡಿ ಸತ್ವ ಉಳಿಸಿದ ಎಣ್ಣೆ ಮಾಡಿದರು. ಇದೇ ಪುಡಿಯನ್ನು ಜಪಾನಿನಲ್ಲಿ ಕೆಲವರು ಕರುಳಿನ ಹುಣ್ಣಿಗೆಂದು ನುಂಗಿದರು. ಅವರಲ್ಲಿ ಶ್ವಾಸಕೋಶದ ರಕ್ತನಾಳದ ಒತ್ತಡ ಏರಿದ್ದು ಕಂಡು 2016ರಲ್ಲಿ ಅಲ್ಲಿನ ಸರ್ಕಾರ ಎಚ್ಚರಿಕೆ ಕೊಡಬೇಕಾಯಿತು. ಹಚ್ಚಲು ಒಳ್ಳೆಯದಾದ ಮಾತ್ರಕ್ಕೆ ನುಂಗಲೂ ಒಳ್ಳೆಯದಾಗಬೇಕಿಲ್ಲ.

ಈ ಮೂರನ್ನೂ ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣವಿದೆ. ಮೂರರಲ್ಲೂ ಊರಿನವರ ಅನುಭವ ಮೊದಲು ಬಂತು. ಅದನ್ನು ನಗಾಡದೆ ಕೇಳಿಸಿಕೊಂಡವರು ಇದ್ದರು. ಆಮೇಲೆ ಯಾರೋ ಕೂತು ಯಾವ ವಸ್ತು, ಎಷ್ಟು, ಯಾವ ಎಣ್ಣೆಯಲ್ಲಿ, ಎಷ್ಟು ದಿನ ಎಂದು ಅಳೆದರು. ಅಳೆದಾಗ ಗುಣವೂ ಕಂಡಿತು, ಅಪಾಯವೂ ಕಂಡಿತು. ನಿಮಗೆ ಸಿಕ್ಕ ಡಬ್ಬಿಯಲ್ಲಿ ಇಲ್ಲದಿರುವುದು ಈ ಅಳತೆ.

ಎಷ್ಟೋ ಸಲ ಅಳೆದ ಮೇಲೂ ಗೊಂದಲ ಉಳಿಯುತ್ತದೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಡೇವಿಡ್ ಅಥರ್ಟನ್ ಒಮ್ಮೆ ಒಂದು ವಿಚಿತ್ರ ನೋಡಿದರು. ಅವರು ನೋಡುತ್ತಿದ್ದ ಎಕ್ಸಿಮಾದ ಕೆಲವು ಮಕ್ಕಳು ಊರೊಳಗಿನ ಚೀನೀ ವೈದ್ಯೆಯೊಬ್ಬರ ಕಷಾಯ ಕುಡಿದು ಚೆನ್ನಾಗಿ ಸುಧಾರಿಸಿದ್ದರು. ಅವರು ಗದರಲಿಲ್ಲ, ಪರೀಕ್ಷೆ ಮಾಡಿದರು. 10 ಗಿಡಮೂಲಿಕೆಯ ಕಷಾಯ, ಜೊತೆಗೆ ಹೋಲಿಕೆಗೆ ಅದೇ ರುಚಿಯ ಸುಳ್ಳು ಕಷಾಯ. 1992ರ ಫಲಿತಾಂಶದಲ್ಲಿ ನಿಜ ಕಷಾಯವೇ ಗೆದ್ದಿತು. ಪತ್ರಿಕೆಗಳಲ್ಲೆಲ್ಲ ಸುದ್ದಿ. 1999ರಲ್ಲಿ ಹಾಂಗ್‌ಕಾಂಗ್‌ನ ವೈದ್ಯರು ಮತ್ತೆ ಪರೀಕ್ಷಿಸಿದಾಗ ನಿಜಕ್ಕೂ ಸುಳ್ಳಿಗೂ ವ್ಯತ್ಯಾಸ ಕಾಣಲಿಲ್ಲ. ಕಷಾಯ ಕುಡಿದವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದದ್ದೂ ಉಂಟು. ಒಂದು ಒಳ್ಳೆಯ ಫಲಿತಾಂಶ ಕಂಡ ಕೂಡಲೆ ಚರ್ಮತಜ್ಞರು ಕುಣಿದಾಡುವುದಿಲ್ಲ ಎಂದು ಜನ ಬೇಜಾರು ಮಾಡಿಕೊಳ್ಳುತ್ತಾರೆ. ಇಂಥದ್ದು ನೋಡಿ ನೋಡಿ ಹಾಗಾಗಿದ್ದೇವೆ.

ಈಗ 'ಸಂಶೋಧನೆ ಹೇಳುತ್ತದಂತೆ' ಎಂಬ ಮಾತಿಗೆ ಬರೋಣ. ನೀವು ಓದುವ ಸುದ್ದಿಗಳಲ್ಲಿ ಹೆಚ್ಚಿನವು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಅಥವಾ ಇಲಿಗಳ ಮೇಲೆ ಮಾಡಿದವು. ಇಲಿಯ ಕಿವಿಗೆ ಮೊದಲು ಉರಿಯೂತ ಬರಿಸಬೇಕು. ಅದಕ್ಕೆ ಬಹಳ ಕಾಲ ಬಳಸಿದ್ದು ಏನು ಗೊತ್ತಾ? ಜಾಪಾಳದ ಎಣ್ಣೆ. ಅದೂ ಗಿಡದ್ದೇ! ಒಂದು ಗಿಡದ ಸಾರದಿಂದ ಕಿವಿ ಊದಿಸಿ, ಇನ್ನೊಂದು ಗಿಡದ ಸಾರದಿಂದ ಇಳಿಸಿ ನೋಡುತ್ತಾರೆ. ಇಳಿದರೆ ಸುದ್ದಿ. ಇಲಿಯ ಕಿವಿಯ ಚರ್ಮ ಬಹಳ ತೆಳು, ಅದರ ಉರಿಯೂತ ಒಂದು ದಿನದ್ದು. ನಿಮ್ಮ ಮಗಳದ್ದು ಆರು ವರ್ಷದ್ದು.

ಅರಿಶಿನವನ್ನೇ ತೆಗೆದುಕೊಳ್ಳಿ. ಅದರ ಕುರ್ಕ್ಯುಮಿನ್ ತಟ್ಟೆಯೊಳಗಿನ ಜೀವಕೋಶದಲ್ಲಿ ಉರಿಯೂತದ ಸಂಕೇತಗಳನ್ನು ಚೆನ್ನಾಗಿಯೇ ತಗ್ಗಿಸುತ್ತದೆ. ಆದರೆ ಅರಿಶಿನದ ಕಲೆ ಹೇಗೆ ವರ್ತಿಸುತ್ತದೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀರಿಗೆ ಹೋಗಲ್ಲ. ಸೋಪು ಹಾಕಿದರೆ ಕೆಂಪಾಗುತ್ತದೆ. ಬಿಸಿಲಿಗೆ ಹಾಕಿದರೆ ಮಾಸಿಹೋಗುತ್ತದೆ. ಕುರ್ಕ್ಯುಮಿನ್ನಿನ ಮೂರೂ ಗುಟ್ಟು ಇದರಲ್ಲೇ ಇವೆ. ನೀರಿನಲ್ಲಿ ಕರಗದು, ಕ್ಷಾರ ಸೇರಿದರೆ ಬದಲಾಗುತ್ತದೆ, ಬೆಳಕಿಗೆ ಒಡೆಯುತ್ತದೆ. ಇಂಥದ್ದನ್ನು ಔಷಧಿಯಾಗಿ ಹಿಡಿದು ನಿಲ್ಲಿಸುವುದು ಕಷ್ಟ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ಒಂದು ತಂಡ ಕುರ್ಕ್ಯುಮಿನ್ ಬಗ್ಗೆ ಬಂದದ್ದನ್ನೆಲ್ಲ ಜಾಲಾಡಿತು. ಮನುಷ್ಯರ ಮೇಲೆ 120ಕ್ಕೂ ಹೆಚ್ಚು ಪ್ರಯೋಗ ನಡೆದಿದ್ದರೂ, ಸುಳ್ಳು ಔಷಧಿಯ ಜೊತೆ ಕಟ್ಟುನಿಟ್ಟಾಗಿ ಹೋಲಿಸಿದ ಒಂದೂ ಗೆದ್ದಿಲ್ಲ ಎಂದು ಬರೆಯಿತು. ಅಮೆರಿಕದಲ್ಲಿ 1995ರಲ್ಲಿ ಕೊಟ್ಟಿದ್ದ ಅರಿಶಿನದ ಪೇಟೆಂಟನ್ನು ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಿತಲ್ಲ, ಅದನ್ನು ನೆನಪಿಸಿ ಹಲವರು ನನ್ನ ಜೊತೆ ವಾದ ಮಾಡುತ್ತಾರೆ. ಆ ಗೆಲುವು ನನಗೂ ಹೆಮ್ಮೆ. ಆದರೆ ಅಲ್ಲಿ ಸಾಬೀತಾದದ್ದು ಗಾಯಕ್ಕೆ ಅರಿಶಿನ ಹಚ್ಚುವುದು ನಮಗೆ ಹಿಂದಿನಿಂದಲೂ ಗೊತ್ತಿತ್ತು ಎಂಬುದು. ಎಕ್ಸಿಮಾ ವಾಸಿಯಾಗುತ್ತದೆ ಎಂಬುದಲ್ಲ.

ಸಾರ ಅನ್ನುವ ಪದವೂ ಸ್ವಲ್ಪ ಮೋಸದ್ದು. ಒಂದೇ ಎಲೆಯನ್ನು ನೀರಲ್ಲಿ ಕುದಿಸಿದರೆ ಒಂದು ಬಗೆಯ ವಸ್ತು ಇಳಿಯುತ್ತದೆ, ಎಣ್ಣೆಯಲ್ಲಿ ಕಾಯಿಸಿದರೆ ಇನ್ನೊಂದು, ಸ್ಪಿರಿಟ್ಟಿನಲ್ಲಿ ನೆನೆಹಾಕಿದರೆ ಮತ್ತೊಂದು. ಪ್ರಯೋಗಶಾಲೆಯವರು ಸ್ಪಿರಿಟ್ಟಿನಲ್ಲಿ ತೆಗೆದದ್ದಕ್ಕೆ ಗುಣ ಕಂಡಿದೆ ಎಂದರೆ ನೀವು ಒರಳಲ್ಲಿ ಅರೆದದ್ದಕ್ಕೂ ಅದೇ ಗುಣ ಇರಬೇಕಿಲ್ಲ. ಇನ್ನು ಇಳಿದದ್ದು ಚರ್ಮದೊಳಗೆ ಹೋಗಬೇಕು. ಸುಮಾರು 500 ಡಾಲ್ಟನ್ನಿಗಿಂತ (ಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ) ಭಾರದ ಅಣುಗಳು ಗಟ್ಟಿ ಚರ್ಮವನ್ನು ದಾಟುವುದು ಕಷ್ಟ ಎಂಬುದು ನಮ್ಮಲ್ಲಿ ಒಂದು ಅಂದಾಜಿನ ಲೆಕ್ಕ.

ನಿಮ್ಮ ತಂಗಿ ತಂದ ಸಿಕಾ ಕ್ರೀಮು ಇಲ್ಲಿ ನೆನಪಾಯಿತು. ಸಿಕಾ ಅಂದರೆ ಬೇರೇನೂ ಅಲ್ಲ, ನಮ್ಮ ಒಂದೆಲಗ. ಬಾವಿಕಟ್ಟೆ ಪಕ್ಕ, ಅಡಿಕೆ ತೋಟದ ಕಾಲುವೆಯಲ್ಲಿ ತಾನಾಗಿ ಹಬ್ಬುತ್ತದೆ, ನಾವು ತಂಬುಳಿ ಮಾಡಿ ಉಣ್ಣುತ್ತೇವೆ. ಕೊರಿಯಾಕ್ಕೆ ಹೋಗಿ ಬಂದು ಡಬ್ಬಿಯಲ್ಲಿ ಕೂತ ಮೇಲೆ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅದರ ಮುಖ್ಯ ವಸ್ತು ಏಷಿಯಾಟಿಕೋಸೈಡ್. ಗಾಯ ಮಾಯಲು ಇದು ಸಹಾಯ ಮಾಡುತ್ತದೆ ಎಂಬುದಕ್ಕೆ ಒಂದಿಷ್ಟು ಆಧಾರವಿದೆ. ಅಣು ಮಾತ್ರ ದೊಡ್ಡದು, 950 ಡಾಲ್ಟನ್ ದಾಟುತ್ತದೆ. ಆ ಕ್ರೀಮಿನಿಂದ ಮಗಳಿಗೆ ಹಾಯೆನಿಸಿದರೆ ಹಚ್ಚಿ, ಸುಗಂಧ ಹಾಕಿಲ್ಲ ತಾನೇ ಎಂದು ಮಾತ್ರ ನೋಡಿಕೊಳ್ಳಿ. ಆ ಹಾಯಿನಲ್ಲಿ ಜಾಸ್ತಿ ಪಾಲು ಕ್ರೀಮಿನ ಜಿಡ್ಡಿನದು ಎಂಬುದು ನನ್ನ ಅಭಿಪ್ರಾಯ.

ಜಿಡ್ಡು ಎಂದೆ. ಎಕ್ಸಿಮಾದಲ್ಲಿ ಅದೇ ಮುಖ್ಯ. ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆಯ ಹಾಗೆ. ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಆ ಇಟ್ಟಿಗೆ ಗಟ್ಟಿಯಾಗಲು ಫಿಲಾಗ್ರಿನ್ ಎಂಬ ಪ್ರೋಟೀನು ಬೇಕು. ಎಕ್ಸಿಮಾ ಇರುವ ಹಲವರಲ್ಲಿ ಅದರ ಜೀನ್‌ನಲ್ಲೇ ಕೊರತೆ ಇರುತ್ತದೆ ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ವಿಜ್ಞಾನಿಗಳು ತೋರಿಸಿದರು. ಗೋಡೆ ಬಿರುಕು ಬಿಟ್ಟರೆ ನೀರು ಹೊರಗೆ ಹೋಗುತ್ತದೆ, ಸೋಪು, ಧೂಳು, ಬ್ಯಾಕ್ಟೀರಿಯಾ ಒಳಗೆ ಬರುತ್ತವೆ. ಒಳಗಿನ ಕಾವಲುಗಾರರು ಎದ್ದು ಗಲಾಟೆ ಮಾಡುತ್ತಾರೆ. ಆ ಗಲಾಟೆಯೇ ಉರಿಯೂತ. ಕೆರೆದರೆ ಬಿರುಕು ಇನ್ನೂ ದೊಡ್ಡದಾಗುತ್ತದೆ.

ಅದಕ್ಕೇ ಮಕ್ಕಳ ಎಕ್ಸಿಮಾಕ್ಕೆ ಗಿಡದಿಂದ ಬಂದ ವಸ್ತುಗಳಲ್ಲಿ ನಾನು ಧೈರ್ಯವಾಗಿ ಹೇಳುವುದು ಒಂದನ್ನೇ. ಅದು ನಿಮ್ಮ ಅಡುಗೆಮನೆಯಲ್ಲೇ ಇದೆ. ಕೊಬ್ಬರಿ ಎಣ್ಣೆ. ಫಿಲಿಪ್ಪೀನ್ಸಿನಲ್ಲಿ 117 ಮಕ್ಕಳ ಮೇಲೆ 8 ವಾರ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದರು. ಅರ್ಧ ಮಕ್ಕಳಿಗೆ ಕಾಯಿಸದೆ ತೆಗೆದ ತೆಂಗಿನ ಎಣ್ಣೆ, ಉಳಿದವರಿಗೆ ಖನಿಜ ಎಣ್ಣೆ. ಎಲ್ಲರದೂ ಸಣ್ಣ ಅಥವಾ ಮಧ್ಯಮ ಎಕ್ಸಿಮಾ. ರೋಗದ ಅಳತೆಯ ಅಂಕ ತೆಂಗಿನ ಎಣ್ಣೆಯವರಲ್ಲಿ ಶೇ 68 ಇಳಿಯಿತು, ಖನಿಜ ಎಣ್ಣೆಯವರಲ್ಲಿ ಶೇ 38. ತೆಂಗಿನ ಎಣ್ಣೆಯ ಲಾರಿಕ್ ಆಮ್ಲದಿಂದ ಆಗುವ ವಸ್ತು ಎಕ್ಸಿಮಾದ ಚರ್ಮದ ಮೇಲೆ ಠಿಕಾಣಿ ಹೂಡುವ ಸ್ಟಾಫ್ ಬ್ಯಾಕ್ಟೀರಿಯಾವನ್ನೂ ಹತ್ತಿಕ್ಕುತ್ತದೆ. ಮಗಳಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷ ಸ್ನಾನ ಮಾಡಿಸಿ. ಟವೆಲ್ಲಿನಿಂದ ಉಜ್ಜದೆ ಒತ್ತಿ, ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಹಚ್ಚಿ. ಬರೀ ಕೊಬ್ಬರಿ ಎಣ್ಣೆ. ಬೇವು, ಮೆಂತ್ಯ, ಕರ್ಪೂರ, ನೀಲಗಿರಿ ಏನೂ ಹಾಕಿ ಕಾಯಿಸಬೇಡಿ. ಸುಗಂಧ ಸೇರಿಸಿದ ತಲೆಗೆ ಹಚ್ಚುವ ಎಣ್ಣೆಯೂ ಬೇಡ.

ಎಲ್ಲ ಎಣ್ಣೆಯೂ ಒಂದೇ ಅಲ್ಲ. ಆಲಿವ್ ಎಣ್ಣೆ ದುಬಾರಿ, ಆದ್ದರಿಂದ ಒಳ್ಳೆಯದಿರಬೇಕು ಎಂದು ವಿದೇಶದಲ್ಲಿರುವ ನಮ್ಮವರು ಕೂಸುಗಳಿಗೆ ಹಚ್ಚುತ್ತಾರೆ. ಅದು ಗಾರೆಯನ್ನು ಸಡಿಲ ಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಕಂಡಿದೆ. ಉತ್ತರದವರ ಸಾಸಿವೆ ಎಣ್ಣೆಯೂ ಎಕ್ಸಿಮಾಕ್ಕೆ ಬೇಡ, ಚುರುಗುಟ್ಟುತ್ತದೆ. ಹಿಮ್ಮಡಿ ಒಡಕಿಗೆ ಉತ್ತರ ಕನ್ನಡದವರು ಹಚ್ಚುವ ಮುರುಗಲ ತುಪ್ಪ ಒಳ್ಳೆಯ ಜಿಡ್ಡು, ದೊಡ್ಡವರ ಒಣ ಕೈಕಾಲಿಗೆ ನಾನೂ ಹೇಳುತ್ತೇನೆ.

ನಿಮ್ಮ ಅತ್ತೆಯವರ ಬೇವಿಗೆ ಬರೋಣ. ಅವರ ಮನಸ್ಸು ನೋಯಿಸಬೇಡಿ. ನಾಲ್ಕು ಎಲೆ ಹಾಕಿ ಕಾಯಿಸಿದ ನೀರು ಆರಿದ ಮೇಲೆ ಸ್ನಾನಕ್ಕೆ ಬೆರೆಸಿದರೆ ತೊಂದರೆ ಆಗುವುದು ಅಪರೂಪ. ಆದರೆ ಅರೆದ ಬೇವು ಕೆರೆದು ಗಾಯವಾದ ಜಾಗಕ್ಕೆ ಬೇಡವೇ ಬೇಡ. ಒಣಗುತ್ತಾ ಚರ್ಮವನ್ನು ಎಳೆಯುತ್ತದೆ, ಉರಿಯುತ್ತದೆ, ತೊಳೆಯಲು ಮತ್ತೆ ಉಜ್ಜಬೇಕು. ಎಕ್ಸಿಮಾಕ್ಕೆ ಬೇಕಾದದ್ದು ಜಿಡ್ಡು, ಇದು ಅದಕ್ಕೆ ಪೂರ್ತಿ ಉಲ್ಟಾ. ಬೇವಿನ ಎಣ್ಣೆಯನ್ನಂತೂ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಕೂಸುಗಳ ಹೊಟ್ಟೆಗೆ ಹೋಗಿ ಅಪಸ್ಮಾರ, ಪ್ರಾಣಾಪಾಯ ಆದದ್ದು ದಾಖಲಾಗಿದೆ. ಲೋಳೆಸರ ಹಚ್ಚುವವರು ಒಂದು ತಿಳಿದಿರಬೇಕು. ಸಿಪ್ಪೆಯ ಕೆಳಗೆ ಬರುವ ಹಳದಿ ಸೊನೆ ಚರ್ಮವನ್ನು ಕೆರಳಿಸುತ್ತದೆ. ಕತ್ತರಿಸಿ ನಿಲ್ಲಿಸಿ ಅದು ಪೂರ್ತಿ ಸೋರಿದ ಮೇಲೆ ತೊಳೆದು ಒಳಗಿನ ತಿಳಿ ಲೋಳೆ ಮಾತ್ರ ತೆಗೆಯಬೇಕು. ಬಿಸಿಲಿಗೆ ಸುಟ್ಟ ಚರ್ಮಕ್ಕೆ ತಂಪು. ಎಕ್ಸಿಮಾಕ್ಕೆ ಅಷ್ಟೇನಿಲ್ಲ.

ಗಿಡ ಅಂದ ಕೂಡಲೆ ಸಾಧು ಎಂದುಕೊಳ್ಳುವವರಿಗೆ ನಾನು ತೋರಿಸುವುದು ರಸ್ತೆ ಬದಿಯ ಕಾಂಗ್ರೆಸ್ ಹುಲ್ಲನ್ನು. ಪಾರ್ಥೇನಿಯಂ. ಹೊಲದಲ್ಲಿ ಅದನ್ನು ಕಿತ್ತು ಕಿತ್ತು ಮುಖ, ಕತ್ತು, ಮೊಣಕೈ ಎಲ್ಲ ಆನೆ ಚರ್ಮದಂತೆ ದಪ್ಪಗಾದ ರೈತರು ಬಯಲುಸೀಮೆಯ ಚರ್ಮ ವಿಭಾಗಗಳಿಗೆ ಈಗಲೂ ಬರುತ್ತಾರೆ. ಗಾಳಿಯಲ್ಲಿ ಹಾರುವ ಅದರ ಪುಡಿ ಸಾಕು. ಇದಕ್ಕೆ ಕಾರಣ ಪಾರ್ಥೆನಿನ್ ಎಂಬ ವಸ್ತು. ತಮಾಷೆ ಏನೆಂದರೆ, ಅದೇ ಜಾತಿಯ ಇನ್ನೊಂದು ವಸ್ತು, ಯುರೋಪಿನ ಫೀವರ್‌ಫ್ಯೂ ಗಿಡದ ಪಾರ್ಥೆನೊಲೈಡ್, ಪ್ರಯೋಗಶಾಲೆಯಲ್ಲಿ ಉರಿಯೂತ ಇಳಿಸುವುದರಲ್ಲಿ ಹೆಸರುವಾಸಿ. ಅದೂ ಅಲರ್ಜಿ ತರುತ್ತದೆ. ಹಾಗಾಗಿ ಕ್ರೀಮು ಮಾಡುವವರು ಫೀವರ್‌ಫ್ಯೂ ಸಾರದಿಂದ ಪಾರ್ಥೆನೊಲೈಡನ್ನು ತೆಗೆದುಹಾಕಿ ಉಳಿದದ್ದನ್ನು ಬಳಸುತ್ತಾರೆ. ಕೋಶದೊಳಗಿನ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳುವ ಗುಣವೇ ಉರಿಯೂತ ಇಳಿಸುವುದು, ಅದೇ ಗುಣವೇ ಅಲರ್ಜಿ ಏಳಿಸುವುದು.

ಇನ್ನೊಂದು ಎಚ್ಚರಿಕೆ, ಇದು ಅನೇಕರಿಗೆ ಗೊತ್ತಿಲ್ಲ. ಒಡೆದ ಚರ್ಮಕ್ಕೆ ತಿನ್ನುವ ಪದಾರ್ಥ ಪದೇಪದೇ ಹಚ್ಚಿದರೆ ದೇಹ ಅದನ್ನು ಶತ್ರು ಎಂದು ಕಲಿಯಬಹುದು. ಕಡಲೆಕಾಯಿ ಎಣ್ಣೆ ಇರುವ ಕ್ರೀಮನ್ನು ಎಕ್ಸಿಮಾಕ್ಕೆ ಹಚ್ಚಿಸಿಕೊಂಡ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಹೆಚ್ಚು ಕಂಡದ್ದು ಬ್ರಿಟನ್ನಿನಲ್ಲಿ 2003ರಲ್ಲಿ ವರದಿಯಾಯಿತು. ಜಪಾನಿನಲ್ಲಿ ಗೋಧಿಯ ಪ್ರೋಟೀನು ಹಾಕಿದ ಮುಖದ ಸೋಪು ಬಳಸಿ 2,000ಕ್ಕೂ ಹೆಚ್ಚು ಜನರಿಗೆ ಗೋಧಿ ಅಲರ್ಜಿ ಬಂತು. ಸೋಪಿನ ಬದಲು ಕಡಲೆಹಿಟ್ಟು ಎಂಬ ನಮ್ಮ ರೂಢಿ ಗಟ್ಟಿ ಚರ್ಮಕ್ಕೆ ಸರಿ. ಮಗಳ ಒಡೆದ ಜಾಗಕ್ಕೆ ಬೇಡ. ಕಡಲೆಹಿಟ್ಟು, ಹಾಲಿನ ಕೆನೆ, ಬಾದಾಮಿ ಯಾವುದೂ ಬೇಡ. ಓಟ್ಸ್ ಸಾರದ ಕ್ರೀಮುಗಳಿಗೆ ತುರಿಕೆ ತಗ್ಗಿಸುವ ಗುಣ ಇದೆ, ನುಣ್ಣಗೆ ಮಾಡಿದ ಓಟ್ಸನ್ನು ಚರ್ಮ ಕಾಯುವ ಔಷಧಿಯೆಂದು ಅಮೆರಿಕದ ಔಷಧ ಇಲಾಖೆ 2003ರಲ್ಲಿ ಒಪ್ಪಿದೆ. ಬೇಕಿದ್ದರೆ ಔಷಧಿ ಅಂಗಡಿಯ ಕ್ರೀಮೇ ತನ್ನಿ, ಮನೆಯ ಓಟ್ಸ್ ಅರೆದು ಹಚ್ಚುವುದು ಬೇಡ.

ಇಷ್ಟೆಲ್ಲ ಆದ ಮೇಲೆ, ಕಪಾಟಿನಲ್ಲಿರುವ ಮುಲಾಮು. ಅದನ್ನು ಹೊರಗೆ ತೆಗೆಯಿರಿ. ಚರ್ಮ ಕೆಂಪಾಗಿ ಕೆರೆಯುತ್ತಿರುವಾಗ ಎಣ್ಣೆಯೊಂದೇ ಸಾಲದು. ಮನೆಗೆ ಬೆಂಕಿ ಬಿದ್ದಾಗ ಗಾರೆ ಮೆತ್ತುತ್ತಾ ಕೂರುವುದಿಲ್ಲವಲ್ಲ. ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಮುಲಾಮು ಹಿಂಡಿದರೆ ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ನಿಮ್ಮ ಡಾಕ್ಟರು ಹೇಳಿದಷ್ಟು ಸಲ, ಹೇಳಿದಷ್ಟು ದಿನ, ಕೆಂಪಾದ ಜಾಗಕ್ಕೆ ಮಾತ್ರ ಹಚ್ಚಿ. ಬೆದರಿ ಬೆದರಿ ಚೂರೇಚೂರು ತಿಂಗಳುಗಟ್ಟಲೆ ಹಚ್ಚುವುದಕ್ಕಿಂತ ಸರಿಯಾದ ಅಳತೆಯಲ್ಲಿ ಕೆಲವೇ ದಿನ ಹಚ್ಚಿ ಬೆಂಕಿ ಆರಿಸುವುದು ಮಗುವಿಗೆ ಕ್ಷೇಮ. ಎಣ್ಣೆ ಅಥವಾ ಮಾಯಿಶ್ಚರೈಸರ್ ಮಾತ್ರ ಕೈಬಿಚ್ಚಿ ಬಳಸಿ. ಇಡೀ ಮೈಗೆ ಹಚ್ಚುವ ಮಗುವಿಗೆ ವಾರಕ್ಕೆ 250 ಗ್ರಾಂ ಬೇಕಾಗುತ್ತದೆ. ನಮ್ಮವರು ತಿಂಗಳಿಗೆ 50 ಗ್ರಾಂ ಟ್ಯೂಬು ಮುಗಿಸಿದರೆ ಜಾಸ್ತಿಯಾಯಿತು ಅನ್ನುತ್ತಾರೆ. ನಿಂಬೆರಸ, ವಿನೆಗರ್, ಸಾಸಿವೆ ಪಟ್ಟು ಎಂದು ಯಾರಾದರೂ ಹೇಳಿದರೆ ಹೂಂ ಅಂದು ಸುಮ್ನೆ ಬಂದುಬಿಡಿ.

ಹೊಸ ಕ್ರೀಮು ಯಾವುದೇ ಆಗಲಿ, ಸಿಕಾ ಕೂಡ, ಮೊದಲು ಮುಂಗೈ ಒಳಗಡೆ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ ಒಂದು ವಾರ ಹಚ್ಚಿ ನೋಡಿ. ಕೆಂಪಾಗದಿದ್ದರೆ ಮುಂದುವರಿಸಿ. ಹಳದಿ ಹಕ್ಕಳೆ ಕಟ್ಟಿದರೆ, ಕೀವು ಬಂದರೆ, ಜ್ವರದ ಜೊತೆ ಒಂದೇ ತರಹದ ಸಣ್ಣ ಸಣ್ಣ ಗುಳ್ಳೆ ಒಡೆದು ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಆ ಗುಳ್ಳೆಗಳು ಹರ್ಪಿಸ್ ವೈರಸ್ಸಿನವು ಇರಬಹುದು. ಕಾಯುವಂಥದ್ದಲ್ಲ.

ಡಬ್ಬಿಯನ್ನು ಮಾತ್ರ ಎಸೆಯಬೇಡಿ. ಇನ್ನು ಹಚ್ಚಲೂ ಬೇಡಿ. ಹತ್ತು ದಿನದ್ದಾದ್ದರಿಂದ ದೊಡ್ಡ ಹಾನಿ ಆಗಿರಲಾರದು. ತಿಂಗಳುಗಟ್ಟಲೆ ಹಚ್ಚಿದವರಲ್ಲಿ ಚರ್ಮ ತೆಳ್ಳಗಾಗಿ ಗೆರೆ ಬೀಳುವುದು, ಮುಖದ ಮೇಲೆ ರೋಮ ಬರುವುದು, ದೇಹ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ಮರೆಯುವುದು ಎಲ್ಲ ಆಗುತ್ತದೆ. ಎಷ್ಟು ದಿನ ಹಚ್ಚಿದಿರಿ, ದಿನಕ್ಕೆ ಎಷ್ಟು ಸಲ, ಮುಖಕ್ಕೂ ಹಚ್ಚಿದಿರಾ, ಮನೆಯಲ್ಲಿ ಬೇರೆ ಯಾರಾದರೂ ಹಚ್ಚಿಕೊಂಡರಾ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಚೀಟಿಯನ್ನೂ ಡಬ್ಬಿಯನ್ನೂ ಅದೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲೆ ಇಡಿ. ಅವರು ಬೈಯುವುದಿಲ್ಲ. ಬೈದರೆ ಬೇರೆ ಡಾಕ್ಟರನ್ನು ನೋಡಿ.